ಗೊಟ್ಟ ಹಿಡಿದ ಕೈ

೧೯೯೧ರಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಲ್ಲಿಂದ ಇಲ್ಲಿಯವರೆಗೆ ಯಾರ ಮುಂದೆಯೂ ಕೈ ಚಾಚಿಲ್ಲ ಎಂದು ಎದೆ ತಟ್ಟಿಕೊಂಡು ತಿರುಗಿದವನು ನಾನು. ರತ್ನಮ್ಮ, ಬಸವಣ್ಯಪ್ಪನವರ ದವಡೆ ಮುರಿದದ್ದು ಈ ಕೈ. ನೀವಲ್ಲ.

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ರಸ್ತೆಯಲ್ಲಿ, ಕುರಿ ಹಿಂಡು ಮಾರಿ ನಾನು ಕಟ್ಟಿಸಿದ ವೃದ್ಧಾಶ್ರಮ ಅದು. ಹಾಸಿಗೆ ಹಿಡಿದವರಿಗೆ ಹದಿನಾಲ್ಕು ಮಂಚ. ನೀವು ಉಡುತಡಿಯಿಂದ ಬಂದು ಅವರಿಗೆ ಉಣಿಸುತ್ತಿದ್ದಿರಿ, ತೊಳೆಯುತ್ತಿದ್ದಿರಿ. ಕೊನೆಯ ಮಂಚದಲ್ಲಿ ನಿಮ್ಮ ಅವ್ವನೂ ಇದ್ದರು. ಗೋಡೆಯ ಮೇಲೆ ನಮ್ಮಪ್ಪನ ಗೊಟ್ಟ ತೂಗುಹಾಕಿದ್ದೆ — ಕುರಿಗೆ ಔಷಧಿ ಕುಡಿಸುವ ಬಿದಿರಿನ ನಳಿಗೆ. ನಾನು ಎಲ್ಲಿಂದ ಬಂದೆ ಅನ್ನುವುದನ್ನು ಬಂದವರೆಲ್ಲ ನೋಡಲಿ ಎಂದು.

ಎರಡು ದಿನದಿಂದ ಬಸವಣ್ಯಪ್ಪ ಗಂಜಿ ಉಗುಳುತ್ತಿದ್ದರು. ನೀವು ಒಂದೊಂದು ಚಮಚಕ್ಕೂ ಕಾಯುತ್ತ ಕೂತಿದ್ದಿರಿ. ಐದು ನಿಮಿಷದ ಕೆಲಸ, ಸರಿ ಅತ್ಲಾಗೆ — ಅಂದೆ. ಮುದುಕರು ನನ್ನ ಮುಖಕ್ಕೇ ಉಗುಳಿದರು.

“ಕುರಿ ಕಾಯೋನೇ, ನಂಗೆ ಉಣ್ಣೋದು ಕಲಿಸ್ತೀಯೇನೋ? ಹೋಗು, ನಿನ್ನ ಹಿಂಡು ಕಾಯೋಗು!”

ಗೊಟ್ಟ ಯಾವಾಗ ಕೈಗೆ ಬಂತೋ... ಇಲ್ಲ, ಸುಳ್ಳು. ಗೊತ್ತಿದ್ದೇ ತೆಗೆದುಕೊಂಡೆ. ಗಂಜಿ ತುಂಬಿದೆ. ಮಂಚ ಹತ್ತಿ ಅವರ ಎರಡೂ ಕೈಗಳನ್ನು ಮೊಣಕಾಲಿನ ಕೆಳಗೆ ಅದುಮಿದೆ. ದವಡೆ ಎತ್ತಿ, ಕೆನ್ನೆಯ ಸಂದಿನಲ್ಲಿ ಬಿದಿರು ತೂರಿಸಿದೆ. ಒದ್ದಾಡಿದರೆ ಇನ್ನೂ ಅದುಮಬೇಕು — ಅಪ್ಪ ಕಲಿಸಿದ್ದು ಹಾಗೆ. ಅದುಮಿದೆ. ಒಣ ಕಡ್ಡಿ ಮುರಿದಂತೆ ಲಟಕ್ಕೆಂದಿತು. ಗಂಜಿ ಕೆಂಪಾಗಿ ಹೊರಗೆ ಬಂತು. ಅದರೊಳಗೆ ಎರಡು ಹಲ್ಲು. ಆಮೇಲೂ ನಾನು ಕೈ ಸಡಿಲಿಸಲಿಲ್ಲ. ನೀವು ನನ್ನ ಅಂಗಿ ಹಿಡಿದು ಎಳೆದಿರಿ.

“ಬಿಡ್ರಿ ಅಣ್ಣಾ! ಅದು ಕುರಿ ಅಲ್ರೀ, ಮನುಷ್ಯ!”

ಆಸ್ಪತ್ರೆಯ ಡಾಕ್ಟರು ಬರೆದು ಕಳಿಸಿದ್ದರಿಂದ, ಆಶ್ರಮಗಳ ನೋಂದಣಿ ನೋಡುವ ಅಧಿಕಾರಿ ತನಿಖೆಗೆ ಬಂದರು. ಅದಕ್ಕೆ ಮೊದಲು ಆಶ್ರಮ ನಡೆಸುವವರ ಸಭೆಯಲ್ಲಿ, ಇದೇ ಅಧಿಕಾರಿಯ ಮುಂದೆ, ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ: “ಒಂದು ತಪ್ಪಿಗೆ ಇಡೀ ಮನೆ ಮುಚ್ಚಿಸಬೇಡ್ರಿ ಸಾರ್, ದಂಡಕ್ಕೊಂದು ಮಿತಿ ಇರಲಿ.” ಆ ಮಾತು ತಪ್ಪಲ್ಲ. ಮುಚ್ಚಿದರೆ ಬೀದಿಗೆ ಬೀಳುವವರು ಮಂಚದ ಮೇಲಿನವರೇ. ಆದರೆ ಆ ಮಿತಿಯನ್ನು ನಾನು ಬಳಸಿದ ರೀತಿ —

ಆ ಸಭೆಯಲ್ಲೇ ಅಧಿಕಾರಿ ಬಿಡಿಸಿ ಹೇಳಿದ್ದರು. ಕೆಲಸದವರ ತಪ್ಪಾಗಿ, ಅವರನ್ನು ತೆಗೆದರೆ, ಎಚ್ಚರಿಕೆ ಮತ್ತು ಸಣ್ಣ ದಂಡ. ಮಾಲೀಕನೇ ಕೈ ಮಾಡಿದ್ದರೆ ನೋಂದಣಿ ರದ್ದು. ಅವರು ಒಳಗೆ ಬರುವ ಮೊದಲು ನಿಮ್ಮನ್ನು ಅಡುಗೆಮನೆಗೆ ಕರೆದೆ. “ಬಾಗಿಲು ಹಾಕಿದ್ರೆ ನಿಮ್ಮವ್ವನ್ನ ಎಲ್ಲಿಗೆ ಹೊರ್ತೀಯ, ಯೋಚ್ನೆ ಮಾಡು” ಎಂದೆ. ಅಷ್ಟೇ ಸಾಕಾಯಿತು.

ದವಡೆಗೆ ತಂತಿ ಕಟ್ಟಿಸಿಕೊಂಡು ಮಲಗಿದ್ದ ಬಸವಣ್ಯಪ್ಪ ಬೆರಳು ಎತ್ತಿ ತೋರಿಸಿದ್ದು ನನ್ನನ್ನೇ. “ಅವರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಸಾರ್” ಎಂದೆ. ಅಧಿಕಾರಿ ನಿಮ್ಮ ಕಡೆ ತಿರುಗಿದರು. ನೀವು ಕೊನೆಯ ಮಂಚವನ್ನು ನೋಡಿದಿರಿ.

“ಹೌದ್ರೀ. ನಾನೇ.”

ಎಚ್ಚರಿಕೆ, ಸಣ್ಣ ದಂಡ, ಅಲ್ಲಿಗೇ ನಿಂತಿತು. ಅವತ್ತೇ ನಿಮ್ಮನ್ನು ಕೆಲಸದಿಂದ ತೆಗೆದೆ. ಅವ್ವ ಇಲ್ಲೇ ಇರಲಿ ಎಂದೆ, ದೊಡ್ಡ ಮನುಷ್ಯನ ಹಾಗೆ. ನೀವು ಅವರನ್ನು ಬೆನ್ನಿಗೆ ಹಾಕಿಕೊಂಡು ರಸ್ತೆಗಿಳಿದಿರಿ. ಮುದುಕರನ್ನು ಹೊಡೆಯುವವಳು ಎಂಬ ಹೆಸರು ನಿಮ್ಮ ಹಿಂದೆಯೇ ಬಂತು. ಸೊರಬದಲ್ಲೂ ಯಾರೂ ಕೆಲಸ ಕೊಡಲಿಲ್ಲ ಎಂದು ಕೇಳಿದೆ. ಕೇಳಿಯೂ ಸುಮ್ಮನಿದ್ದೆ, ಆರು ವರ್ಷ. ಬಸವಣ್ಯಪ್ಪ ಆ ಬೇಸಿಗೆಯಲ್ಲೇ ತೀರಿಕೊಂಡರು. ಕೊನೆಯವರೆಗೂ ನಾನು ಹತ್ತಿರ ಹೋದರೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಕ್ಷಮಿಸಿ ಎಂದು ಬರೆಯಲು ಕೂತು, ಆ ಪದ ಬರೆದು, ಹೊಡೆದುಹಾಕಿದ್ದೇನೆ. ಇದನ್ನೇ ಇನ್ನೊಮ್ಮೆ ಬರೆದಿಟ್ಟಿದ್ದೇನೆ, ಆ ಅಧಿಕಾರಿಯ ಕಚೇರಿಗೆ ನಾನೇ ಒಯ್ಯುತ್ತೇನೆ. ಅದರಲ್ಲಿ ನನ್ನ ದಂಡಕ್ಕೆ ಮಿತಿ ಕೇಳಿಲ್ಲ. ಮಂಚದ ಮೇಲಿರುವವರನ್ನು ಬೀದಿಗೆ ಹಾಕದೆ, ಬೇರೆಯವರ ಕೈಗೆ ಕೊಡಿ ಎಂದಷ್ಟೇ ಕೇಳಿದ್ದೇನೆ.

ಈಗ ನನ್ನ ಹತ್ತಿರ ಇರುವುದು: ಹದಿನಾಲ್ಕು ಮಂಚ, ಹನ್ನೊಂದು ಜನ, ಒಂದು ನೋಂದಣಿ ಪತ್ರ, ತುದಿ ಸೀಳಿದ ಒಂದು ಗೊಟ್ಟ, ಎರಡು ಕೈ.