ಮೈಕ್ ಕೊಟ್ರಸ್ವಾಮಿಯ ಒಂದು ಮಾತು

ಕೊಟ್ಟೂರಿನಲ್ಲಿ ಎಲ್ಲಿ ಮೈಕ್ ಇದ್ದರೂ ಅದರ ಹಿಂದೆ ನನ್ನ ಗೆಳೆಯ ಕೊಟ್ರಸ್ವಾಮಿ ಇರುತ್ತಾನೆ. ಹೆಸರಿಗೆ ಪುಸ್ತಕದ ಅಂಗಡಿ, ಕಸುಬು ನಿರೂಪಣೆ. ಮದುವೆ, ಸನ್ಮಾನ, ನಿವೃತ್ತಿ, ಯಾವುದೂ ಅವನ ಪ್ರಾಸಗಳಿಂದ ತಪ್ಪಿಸಿಕೊಂಡಿಲ್ಲ. ಇವನು ವಧುವನ್ನು ಹೊಗಳಿ ಮುಗಿಸುವಷ್ಟರಲ್ಲಿ ಅಕ್ಕಿಕಾಳು ಹಾಕುವ ಮುಹೂರ್ತ ಮೀರಿ ಹೋದದ್ದೂ ಉಂಟು. ಇಂಥ ಮಾತುಗಾರ ಇಪ್ಪತ್ತೆರಡು ವರ್ಷದ ಹಿಂದೆ, ತಾನು ಮೆಚ್ಚಿದ್ದ ನಮ್ಮ ಓಣಿಯ ಗಂಗಾಂಬಿಕಾಗೆ, ತನ್ನಪ್ಪ ಒಪ್ಪಲಿಲ್ಲ, ಮರೆತುಬಿಡು ಎಂದು ಹೇಳಲು ನನ್ನನ್ನು ಕಳಿಸಿದ. ತಾನು ಮನೆಯಲ್ಲಿ ಮುಸುಕು ಹಾಕಿಕೊಂಡು ಮಲಗಿದ. ನಾನೂ ದಡ್ಡ, ಹೋಗಿ ಹೇಳಿ ಬಂದೆ.

ಈಚೆಗೆ ಅವನಿಗೆ ಒಂದು ಸಿನಿಮಾದ ಹುಚ್ಚು ಹಿಡಿಯಿತು. ಹಳೆಯ ಪ್ರೇಮಿಗಳಿಬ್ಬರು ಎಷ್ಟೋ ವರ್ಷದ ಮೇಲೆ ರೈಲು ನಿಲ್ದಾಣದಲ್ಲಿ ಸಿಗುತ್ತಾರೆ, ರೈಲು ಬರುವ ತನಕ ಮಾತಾಡುತ್ತಾರೆ. ಅಷ್ಟೇ ಕತೆ. ಫೈಟಿಲ್ಲ, ಹಾಡಿಲ್ಲ. ಮೊಬೈಲಿನಲ್ಲಿ ಮೂರು ಸಲ ನೋಡಿದ, ನನ್ನನ್ನೂ ಕೂರಿಸಿ ತೋರಿಸಿದ. ನಾಯಕ ತಪ್ಪು ನನ್ನದೇ ಎನ್ನುವಲ್ಲಿ ನಿಲ್ಲಿಸಿ, ಕಣ್ಣೊರೆಸಿಕೊಂಡು, ಆ ಧ್ವನಿಯ ಸಂಯಮದ ಬಗ್ಗೆ ಭಾಷಣ ಮಾಡಿದ. ಉತ್ತರ ಕೊಡುವ ಮೊದಲು ಆ ಹೆಣ್ಣುಮಗಳು ಚಹಾದ ಲೋಟ ತಿರುಗಿಸುವುದರಲ್ಲೇ ಅರ್ಧ ಕತೆ ಇದೆ ಎಂದ. ನಿಜ ಹೇಳಬೇಕೆಂದರೆ ಸಿನಿಮಾ ಚೆನ್ನಾಗಿತ್ತು. ಇವನ ಬಾಯಲ್ಲಿ ಅದರ ಹೊಗಳಿಕೆ ಕೇಳಿ ನನಗೆ ಮೈ ಉರಿಯಿತು.

ಕೊನೆಗೆ ತಾನೂ ಗಂಗಾಂಬಿಕಾಳ ಎದುರು ನಿಂತು ತಪ್ಪು ಒಪ್ಪಿಕೊಳ್ಳಬೇಕು, ಅದೊಂದು ಆಗದಿದ್ದರೆ ನೆಮ್ಮದಿಯಿಲ್ಲ ಎಂದ. ನಾನು ಬೈಕ್ ತೆಗೆದೆ.

ಹರಪನಹಳ್ಳಿಯಲ್ಲಿ ಆಕೆ ಮತ್ತು ಗಂಡ ಹಿಟ್ಟಿನ ಗಿರಣಿ ನಡೆಸುತ್ತಾರೆ. ನಾವು ಹೋದಾಗ ಗಂಡ ಇರಲಿಲ್ಲ, ಖಾರ ಕುಟ್ಟುವ ಮಷಿನ್ ನಡೆದಿತ್ತು. ಇವನಿಗೆ ಸೀನಿನ ಮೇಲೆ ಸೀನು. ಆಕೆ ಗುರುತು ಹಿಡಿದು ಮಷಿನ್ ನಿಲ್ಲಿಸಿದಳು, ಸೆರಗಿಗೆ ಕೈ ಒರೆಸಿಕೊಂಡು ಎದುರು ನಿಂತಳು. ಸಿನಿಮಾದವನಿಗೂ ಇಷ್ಟು ಅನುಕೂಲ ಇರಲಿಲ್ಲ. ಕೊಟ್ರಸ್ವಾಮಿ ಗಂಟಲು ಸರಿಮಾಡಿಕೊಂಡು, ಈ ವರ್ಷ ಮೆಣಸಿನಕಾಯಿ ಬಣ್ಣ ಚಲೋ ಬಂದಿದೆ ಎಂದ. ಆಮೇಲೆ ನನ್ನ ಪಕ್ಕೆ ತಿವಿದ.

“ನೀನ ಹೇಳಲೇ, ಹುಲುಗೇಶ.”

ನಾನು ಬಾಯಿ ತೆರೆಯುವ ಮೊದಲೇ ಆಕೆ ಕೈ ಎತ್ತಿ ತಡೆದಳು.

“ಬ್ಯಾಡ ಅಣ್ಣಾ. ಅವತ್ತೂ ನೀವ ಬಂದು ಹೇಳಿದ್ರಿ. ಆ ಮಾತಿಗೆ ನಾ ಅಳಲಿಲ್ಲ. ಹೇಳಾಕ ಇವರು ಬರಲಿಲ್ಲಲ್ರಿ, ಅದಕ್ಕ ಅತ್ತೆ.”

ಒಂದು ನಿಮಿಷ ಕಾದಳು. ಇವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ. ಆಕೆ ಮಷಿನ್ ಹಾಕಿದಳು.

ಬೈಕು ಊರು ದಾಟಿದ್ದೇ ಇವನ ಬಾಯಿ ಬಿಚ್ಚಿತು. ತಪ್ಪು ನನ್ನದೇ ಗಂಗಾ, ಅಪ್ಪನಿಗೆ ಹೆದರಿದೆ, ಅವನಿಗಿಂತ ಹೆಚ್ಚಾಗಿ ನಿನ್ನ ಮುಖ ನೋಡಲು ಹೆದರಿದೆ ಎಂದು ಶುರು ಮಾಡಿದ. ಒಂದೂ ಪ್ರಾಸವಿಲ್ಲದೆ, ಎಲ್ಲೂ ತಡವರಿಸದೆ, ಕೊಟ್ಟೂರು ಬರುವ ತನಕ ಎಲ್ಲವನ್ನೂ ನನ್ನ ಬೆನ್ನಿಗೆ ಹೇಳಿದ.