ಡಾಂಬರು ಬಳಿದ ಪೆಟ್ಟಿಗೆ

ಅಡೆಲಾರ್ ಗಿಡ್ರಿ ಬೆಳಿಗ್ಗೆ ಎದ್ದ ಕೂಡಲೇ ನೋಡುತ್ತಿದ್ದುದು ಕೋಳಿಗೂಡಿನ ಬಾಗಿಲಿಗೆ ರಾತ್ರಿ ತಾನೇ ಕಟ್ಟಿಟ್ಟ ದಾರವನ್ನು. ದಾರ ಹರಿದಿದ್ದರೆ ಊರೆಲ್ಲ ಕಳ್ಳರು. ಹರಿಯದಿದ್ದರೆ, ‘ನೋಡು, ಎಂಥ ಕಿಲಾಡಿ, ಮೊಟ್ಟೆ ಕದ್ದು ದಾರ ಮತ್ತೆ ಕಟ್ಟಿ ಹೋಗಿದ್ದಾನೆ’ ಅನ್ನುವನು. ಇಂಥವನಿಗೆ ಯಾರು ತಾನೇ ಏನು ಹೇಳಲಾದೀತು? ಹೆಂಡತಿ ಒಡಾಲಿ ಇಪ್ಪತ್ತಾರು ವರ್ಷ ಅವನ ಜೊತೆ ಬಾಳಿದಳು. ಕಾಫಿಪುಡಿ ಡಬ್ಬಿಯ ಒಳಗೆ ಅವನು ಪೆನ್ಸಿಲ್ಲಿನಿಂದ ಗೀಟು ಹಾಕಿಟ್ಟದ್ದನ್ನು ಕಂಡೂ ಕಾಣದವಳಂತೆ ಇದ್ದಳು. ಪುಣ್ಯಾತ್ಗಿತ್ತಿ!

ಹಾಗಂತ ಕೆಟ್ಟವನಲ್ಲ. ಲಾಫೂರ್ಶ್ ತೊರೆಯ ದಡದಲ್ಲಿ ಅವನಷ್ಟು ಚೆನ್ನಾಗಿ ದೋಣಿಯ ಬಿರುಕು ಮುಚ್ಚುವವನು ಇನ್ನೊಬ್ಬನಿರಲಿಲ್ಲ. ಸೀಗಡಿ ಬಲೆ ಹರಿದವರು, ಏಡಿ ಬುಟ್ಟಿ ಮುರಿದವರು ಅವನಲ್ಲಿಗೇ ಬರುತ್ತಿದ್ದರು. ಕೆಲಸ ಮಾಡಿಕೊಡುತ್ತಿದ್ದ, ಆದರೆ ಬಂದವರು ಹೋಗುವವರೆಗೂ ಅವರ ಕೈ ಎಲ್ಲಿದೆ ಅಂತ ನೋಡುತ್ತಲೇ ಇರುತ್ತಿದ್ದ.

ಅವನ ಪ್ರಾಣ ಇದ್ದುದು ಅಪ್ಪ ಥಿಯೋಜೆನ್ ಕೆತ್ತಿಟ್ಟುಹೋದ ಮೂವತ್ತೆರಡು ಮರದ ಬಾತುಗಳಲ್ಲಿ. ಸೈಪ್ರೆಸ್ ಮರದ ಬೇರನ್ನು ಕೊಡಲಿಯಲ್ಲಿ ಸೀಳಿ, ಜೇಬಿನ ಚಾಕುವಿನಲ್ಲಿ ಒಪ್ಪ ಮಾಡಿದ ಹಕ್ಕಿಗಳು. ಚಳಿಗಾಲದಲ್ಲಿ ಅವನ್ನು ನೀರಿನ ಮೇಲೆ ತೇಲಿಬಿಟ್ಟರೆ ಮೇಲೆ ಹಾರುವ ಕಾಡುಬಾತುಗಳು ತಮ್ಮ ಬಳಗವೇ ಅಂದುಕೊಂಡು ಇಳಿದು ಬಂದೂಕಿನ ಗುರಿಗೆ ಸಿಗುತ್ತಿದ್ದವು. ಅವುಗಳಲ್ಲೊಂದು ಕತ್ತು ತಿರುಗಿಸಿ ಹಿಂದಕ್ಕೆ ನೋಡುವ ಹೆಣ್ಣು ಬಾತು. ಅಪ್ಪ ಸಾಯುವ ವರ್ಷ ಕೆತ್ತಿದ್ದು.

ಬಾತುಗಳು ಅಡೆಲಾರ್‌ಗೂ ತಮ್ಮ ಕ್ಲೆಬೆರ್‌ಗೂ ಸೇರಿದ್ದವು. ಇಡುವುದು ಅಣ್ಣನ ಮನೆಯಲ್ಲಿ, ಸುತ್ತಿಡಲು ಮರದಗಡ್ಡ ತರುವುದು ತಮ್ಮ. ಓಕ್ ಕೊಂಬೆಗಳಿಂದ ಗಡ್ಡದ ಹಾಗೆ ಜೋಲುವ ಆ ಬೂದು ಬಳ್ಳಿಯನ್ನು ನೆನೆಸಿ, ರಾಶಿ ಹಾಕಿ, ಸಿಪ್ಪೆ ಪೂರ್ತಿ ಕೊಳೆಯುವವರೆಗೆ ಕಾದು, ಆಮೇಲೆ ತಂತಿಯ ಮೇಲೆ ವಾರಗಟ್ಟಲೆ ಒಣಗಿಸಿದರೆ ಕುದುರೆ ಬಾಲದಂಥ ಕಪ್ಪು ನಾರು ಸಿಗುತ್ತದೆ. ನಮ್ಮ ಹಾಸಿಗೆಗಳೂ ಅದರವೇ. ಅಪ್ಪನ ಕಟ್ಟಪ್ಪಣೆ ಇಷ್ಟು: ಬಾತಿನ ಕತ್ತು ಹಿಡಿದು ಎತ್ತಬೇಡಿ, ನೆರಳಲ್ಲಿ ಒಣಗಿಸಿ, ಒಂದರ ಕೊಕ್ಕು ಇನ್ನೊಂದರ ಬೆನ್ನಿಗೆ ತಾಗದ ಹಾಗೆ ಕಪ್ಪು ನಾರಿನಲ್ಲಿ ಸುತ್ತಿ, ಪೆಟ್ಟಿಗೆಗೆ ಗಾಳಿಯಾಡಲು ಬಿಡಿ.

ಆ ವರ್ಷ ಬೇಟೆಯ ಕೊನೆಯ ದಿನ ಅಣ್ಣತಮ್ಮಂದಿರು ದೋಣಿ ದಡಕ್ಕೆ ಹಚ್ಚಿದರು. ಒಡಾಲಿ ಬಾತುಗಳ ಮೂಟೆಗಳನ್ನು ಕೊಟ್ಟಿಗೆಗೆ ಸಾಗಿಸಿದಳು. ಮಾರನೆಯ ದಿನ ಅಡೆಲಾರ್ ಬಾತುಗಳನ್ನು ಹರವಿ ಎಣಿಸಿದ. ಮೂವತ್ತೊಂದು. ಮತ್ತೆ ಎಣಿಸಿದ. ಮೂವತ್ತೊಂದೇ! ಹಿಂದಕ್ಕೆ ನೋಡುವ ಹೆಣ್ಣು ಬಾತು ಇಲ್ಲ.

ಬೇರೆ ಯಾರಾದರೂ ಆಗಿದ್ದರೆ ಹೆಂಡತಿಯನ್ನು ಕೂಗಿ ಕೇಳುತ್ತಿದ್ದರು. ಇವನು ಕೇಳಲಿಲ್ಲ. ಕೇಳಿದರೆ ಕಳ್ಳ ಎಚ್ಚರವಾಗುತ್ತಾನಲ್ಲ!

ಭಾನುವಾರ ಚರ್ಚಿನ ಪೂಜೆ ಮುಗಿಸಿ ತಮ್ಮನ ಮನೆಗೆ ಹೋದ. ಅಡುಗೆಮನೆಯ ಕಿಟಕಿ ದಾಟುವಾಗ ಕಂಡೇಬಿಟ್ಟಿತು. ಒಲೆಯ ಪಕ್ಕದ ಹಲಗೆಯ ಮೇಲೆ, ಬಟ್ಟೆ ಹೊದಿಸಿ ಇಟ್ಟದ್ದು. ಬಟ್ಟೆಯಡಿಯಿಂದ ಅಪ್ಪ ಕೆತ್ತಿದ ಬಾಲ ಇಣುಕುತ್ತಿತ್ತು. ಆದರೂ ಏನೂ ಕಾಣದವನಂತೆ ಒಳಗೆ ಹೋಗಿ ಕುಳಿತ, ಕೊಟ್ಟ ಕಾಫಿ ಕುಡಿದ.

“ಅಣ್ಣ, ಮರದಗಡ್ಡ ಚೆನ್ನಾಗಿ ಒಣಗಿದೆ. ಎರಡು ಮೂಟೆ ದೋಣಿಗೆ ಹಾಕ್ಲಾ?” ಎಂದ ಕ್ಲೆಬೆರ್.

“ಬೇಡ.”

“ಯಾಕೆ, ಬಾತುಗಳನ್ನ ಬರಿಮೈಲಿ ಮಲಗಿಸ್ತೀಯಾ ಈ ಸಲ?”

“ನಮ್ಮನೆ ಹಿಂದೆ ಓಕ್ ಮರ ಇಲ್ವಾ? ನಿನ್ನ ಉಪಕಾರ ಸಾಕು.”

ಕ್ಲೆಬೆರ್ ಅಣ್ಣನ ಮುಖ ಮುಖ ನೋಡಿದ. ಅಣ್ಣ ಕಿಟಕಿಯಲ್ಲಿ ಕಂಡದ್ದು ಅವನಿಗೇನು ಗೊತ್ತು ಪಾಪ. ಅಡೆಲಾರ್ ದೋಣಿಗೆ ಹುಟ್ಟು ಹಾಕುತ್ತಾ ದಾರಿಯುದ್ದಕ್ಕೂ ಹಲ್ಲು ಕಡಿದ. ಇವತ್ತು ಒಂದು ಒಯ್ದವನು ನಾಳೆ ಹತ್ತು ಒಯ್ಯುತ್ತಾನೆ. ಮುಂದಿನ ಚಳಿಗಾಲಕ್ಕೆ ನನ್ನ ಪಾಲಿಗೆ ಬರಿ ಪೆಟ್ಟಿಗೆ ಅಂದುಕೊಂಡ.

ಅಂದೇ ಮರ ಹತ್ತಿ ಗಡ್ಡ ಕಿತ್ತ. ಒಂದು ವಾರ ನೆನೆಸಿದ, ಎರಡು ದಿನ ಒಣಹಾಕಿದ. ಅವಸರದ ಕೆಲಸ. ಮೇಲೆ ಕಪ್ಪು, ಒಳಗೆ ಇನ್ನೂ ಬೂದು. ಒಡಾಲಿ ಒಂದು ಹಿಡಿ ಹಿಂಡಿ ನೋಡಿ, “ಲೋ ಮುದುಕ, ಇದು ಇನ್ನೂ ಹಸಿ ಕಣೋ. ಕ್ಲೆಬೆರ್ ಹತ್ರ ಹೋಗಿ...” ಎನ್ನುತ್ತಿದ್ದಂತೆ ಅವನು ತಿರುಗಿಬಿದ್ದ.

“ಅವನ ಹೆಸರೆತ್ತಬೇಡ! ಈ ವಾರ ಎರಡು ಸಲ ಅವನ ಮನೆಗೆ ಹೋಗಿದ್ಯಲ್ಲ, ಏನಿತ್ತು ಅಲ್ಲಿ?”

ಒಡಾಲಿಯ ಮುಖ ಬಿಳಿಚಿಕೊಂಡಿತು. “ಬೆಂಡೆ ಬೀಜ ತರೋಕೆ” ಎಂದಳು. ಬೀಜ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಓಹೋ, ಇವಳೂ ಸೇರಿದ್ದಾಳೆ ಅಂದುಕೊಂಡ.

ಮೂವತ್ತೊಂದು ಬಾತುಗಳನ್ನೂ ಆ ಹಸಿ ಗಡ್ಡದಲ್ಲಿ ಒತ್ತೊತ್ತಾಗಿ ತುಂಬಿದ. ಗಾಳಿಗೆಂದು ಅಪ್ಪ ಕೊರೆದಿದ್ದ ತೂತುಗಳಿಗೆ ಬೆಣೆ ಬಡಿದ. ಮುಚ್ಚಳಕ್ಕೆ ಮೊಳೆ ಹೊಡೆದ. ಅದೂ ಸಾಲದೆ, ದೋಣಿಗೆ ಬಳಿಯುವ ಹಾಗೆ ಸಂದುಸಂದಿಗೂ ಡಾಂಬರು ಬಳಿದು, ಬಿಸಿ ಆರುವ ಮುನ್ನ ಸುತ್ತಲೂ ತನ್ನ ಹೆಬ್ಬೆರಳು ಒತ್ತಿದ. ಯಾರು ಮುಟ್ಟಿದರೂ ಗೊತ್ತಾಗಲಿ ಅಂತ. ನೀರು ಹೊರಗಿಡುವ ವಿದ್ಯೆ ಚೆನ್ನಾಗಿ ಬಲ್ಲವನು. ಒಳಗಿನ ನೀರು ಎಲ್ಲಿಗೆ ಹೋಗಬೇಕು ಅಂತ ಯೋಚಿಸಲಿಲ್ಲ.

ತಗಡಿನ ಮಾಡಿನಡಿ ಪೆಟ್ಟಿಗೆ ಬೇಸಿಗೆಯಿಡೀ ಕಾಯಿತು. ಕ್ಲೆಬೆರ್ ಆಗಾಗ ಕೈಚೀಲ ಹಿಡಿದು ಬರುವನು, ಕೊಟ್ಟಿಗೆಯತ್ತ ಕಣ್ಣು ಹಾಯಿಸುವನು.

“ಅಣ್ಣ, ಪೆಟ್ಟಿಗೆ ಒಂದ್ಸಲ ತೆಗೆದು ಗಾಳಿಗಿಡೋಣ್ವಾ?”

“ಯಾಕೆ, ಬಾತುಗಳಿಗೆ ಸೆಕೆ ಆಗ್ತಿದೆ ಅಂತ ನಿಂಗೆ ಕಾಗದ ಬರೆದಿವೆಯಾ?”

ಚೀಲದಲ್ಲಿ ಏನಿದೆ ಅಂತ ಅಡೆಲಾರ್ ಕೇಳಲಿಲ್ಲ. ಖಾಲಿ ಚೀಲ, ತುಂಬಿಕೊಂಡು ಹೋಗಲು ಬಂದಿದ್ದಾನೆ ಅಂತಲೇ ಅವನ ಲೆಕ್ಕ. ತಮ್ಮ ಹೋದ ಮೇಲೆ ಪ್ರತಿ ಸಲವೂ ಹೆಬ್ಬೆರಳಿನ ಗುರುತುಗಳ ಮೇಲೆ ಬೆರಳಿಟ್ಟು ನೋಡುತ್ತಿದ್ದ. ಎಲ್ಲ ಸರಿಯಾಗಿರುತ್ತಿತ್ತು.

ನವೆಂಬರ್ ಬಂತು. ಉತ್ತರದಿಂದ ಬಾತುಗಳ ಮೊದಲ ಸಾಲು ಕಂಡ ಬೆಳಿಗ್ಗೆ ಅಡೆಲಾರ್ ಉಳಿ ಹಾಕಿ ಮುಚ್ಚಳ ಎಬ್ಬಿಸಿದ. ಸತ್ತ ಮೀನಿನಂಥ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಮರದಗಡ್ಡ ಕೊಳೆತು ಗೊಬ್ಬರವಾಗಿತ್ತು. ಕೈ ಹಾಕಿ ಒಂದು ಬಾತನ್ನು ಎತ್ತಿದರೆ ಮೈಯೆಲ್ಲ ಬೂಷ್ಟು, ಬಣ್ಣ ಚಕ್ಕೆಯಾಗಿ ಗಡ್ಡಕ್ಕೇ ಅಂಟಿಕೊಂಡು ಬಂತು. ಇನ್ನೊಂದರ ಕತ್ತಿನ ಮೊಳೆ ತುಕ್ಕು ಹಿಡಿದು ತಲೆಯೇ ಕಳಚಿ ಅಂಗೈಗೆ ಬಿತ್ತು. ಉಬ್ಬಿ ಸೀಳಿದವು ಎಷ್ಟೋ. ಮೂವತ್ತೊಂದರಲ್ಲಿ ನೀರಿಗೆ ಬಿಡುವಂಥದ್ದು ಒಂದೂ ಇಲ್ಲ. ಬೇರಿನ ಮೇಲಿದ್ದ ಅಪ್ಪನ ಚಾಕುವಿನ ಗೆರೆಗಳು ಬೆರಳಿಟ್ಟರೆ ಹಿಟ್ಟಾಗಿ ಉದುರುತ್ತಿದ್ದವು.

“ನೀರು ಸುರಿದಿದ್ದಾನೆ! ಆ ಕಳ್ಳ ನೀರು ಸುರಿದಿದ್ದಾನೆ!” ಎಂದು ಕೂಗಿಕೊಂಡ. ಮುಚ್ಚಳವನ್ನು ಬೆಳಕಿಗೆ ಹಿಡಿದ. ಉಳಿ ಸೀಳಿದ ಜಾಗ ಬಿಟ್ಟರೆ ಡಾಂಬರು ಎಲ್ಲೂ ಬಿರಿದಿರಲಿಲ್ಲ. ಸುತ್ತಲೂ ಹೆಬ್ಬೆರಳಿನ ಗುರುತುಗಳು, ಎಲ್ಲವೂ ಅವನವೇ.

ಕೂಗು ಕೇಳಿ ಒಡಾಲಿ ಓಡಿಬಂದಳು. ಬೇಟೆಗೆ ಹೊರಟು ಬಂದಿದ್ದ ಕ್ಲೆಬೆರ್ ಬಾಗಿಲಲ್ಲೇ ನಿಂತುಬಿಟ್ಟ. ಪೆಟ್ಟಿಗೆ ನೋಡಿ ಅವನ ಕಣ್ಣು ತುಂಬಿತು. ಕೈಚೀಲ ಬಿಚ್ಚಿ, ಕಪ್ಪು ನಾರು ಸರಿಸಿ, ಹಿಂದಕ್ಕೆ ನೋಡುವ ಹೆಣ್ಣು ಬಾತನ್ನು ಹೊರತೆಗೆದ. ಕತ್ತಿನ ಸುತ್ತ ಕೂದಲೆಳೆಯಷ್ಟು ಅಂಟಿನ ಗೆರೆ, ಅದರ ಮೇಲೆ ಹೊಸ ಬಣ್ಣ.

“ಮೂಟೆ ಹೊತ್ತು ಬರ್ತಾ ಕೆಸರಲ್ಲಿ ಜಾರಿದೆ,” ಎಂದಳು ಒಡಾಲಿ. “ಕತ್ತು ಮುರೀತು. ನಾನೇ ಕ್ಲೆಬೆರ್‌ಗೆ ಕೊಟ್ಟೆ, ಸರಿಮಾಡಿ ಸದ್ದಿಲ್ಲದೆ ವಾಪಸ್ ಇಡು ಅಂತ. ಅಷ್ಟರಲ್ಲಿ ನೀನು ಮೊಳೆ ಹೊಡೆದಿದ್ದೆ.”

“ನಂಗೆ ಹೇಳೋಕೇನಾಗಿತ್ತು?”

“ಹೇಳಿದ್ರೆ ನಂಬ್ತಿದ್ಯಾ? ಬೇಕಂತ ಮುರಿದೆ ಅಂತಿದ್ದೆ. ಕಾಫಿಪುಡಿಗೂ ಗೀಟು ಹಾಕೋನು ನೀನು.”

ನಾಚಿಕೆ ಅನ್ನುವುದು ಅಡೆಲಾರ್‌ಗೆ ಹೊಸತು. ಎಲ್ಲಿ ನೋಡಬೇಕು, ಕೈ ಎಲ್ಲಿಡಬೇಕು ಒಂದೂ ತಿಳಿಯಲಿಲ್ಲ. ಕ್ಲೆಬೆರ್ ಬಾತನ್ನು ಅವನ ಕೈಗಿಟ್ಟ. ಅಪ್ಪ ಕಲಿಸಿದ ಹಾಗೆಯೇ ಅಡಿಹೊಟ್ಟೆಗೆ ಅಂಗೈ ಕೊಟ್ಟು ಅವನು ಅದನ್ನು ಹಿಡಿದುಕೊಂಡ.

ಕೋಳಿಗೂಡಿಗೆ ದಾರ ಕಟ್ಟುವುದನ್ನು ಅವನು ಸಾಯುವವರೆಗೂ ಬಿಡಲಿಲ್ಲ, ಸುಳ್ಳೇಕೆ ಹೇಳಲಿ. ಆದರೆ ಅಂದು ಆ ಬಾತನ್ನು ಕಪ್ಪು ನಾರಿನಲ್ಲಿ ಮತ್ತೆ ಸುತ್ತಿ, ದಡದವರೆಗೆ ನಡೆದುಹೋಗಿ, ತಮ್ಮನ ದೋಣಿಯಲ್ಲಿ ಇಟ್ಟ.

“ನಿನ್ನ ಮನೇಲೇ ಇರ್ಲಿ ಕ್ಲೆಬೆರ್,” ಎಂದ. “ನಾನು ಕೇಳಿದ್ರೂ ಕೊಡಬೇಡ.”