ಮೂರು ಗಡಿಯಾರಗಳ ನಡುವೆ ಹಿಕ್ಮತ್

ನನ್ನ ರೇಡಿಯೋ ರಿಪೇರಿ ಅಂಗಡಿಗೂ ಹಿಕ್ಮತ್ ಸಬ್ರಿಯ ಗಡಿಯಾರದ ಅಂಗಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಬಾಗ್ದಾದಿನ ಕರ್ರಾದಾದಲ್ಲಿ ಎಷ್ಟೋ ವರ್ಷ ನಾವಿಬ್ಬರೂ ಆ ಗೋಡೆಗೆ ಬೆನ್ನು ಕೊಟ್ಟು ಕೂತು ಕೆಲಸ ಮಾಡಿದವರು. ಬೀದಿಯವರು ಅವನನ್ನು ಅಬು ನುಹಾ, ಅಂದರೆ ನುಹಾಳ ಅಪ್ಪ, ಅನ್ನುತ್ತಿದ್ದರು. ನುಹಾ ಅವನ ಒಬ್ಬಳೇ ಮಗಳು.

ಹಿಕ್ಮತ್ ಹುಟ್ಟಾ ಪುಕ್ಕಲ. ಇದನ್ನು ನಾನು ಬೈಗುಳವಾಗಿ ಹೇಳುತ್ತಿಲ್ಲ, ಅವನೇ ಒಪ್ಪಿಕೊಳ್ಳುತ್ತಿದ್ದ. ನಾಯಿಗೆ ಹೆದರುತ್ತಿದ್ದ, ಲಿಫ್ಟಿಗೆ ಹೆದರುತ್ತಿದ್ದ, ಖಾಕಿ ಬಟ್ಟೆ ತೊಟ್ಟ ಅಂಚೆಯವನು ಬಾಗಿಲಲ್ಲಿ ನಿಂತರೂ ಅವನ ಕೈಯ ಚಿಮಟ ಕೆಳಗೆ ಬೀಳುತ್ತಿತ್ತು. ಎಲ್ಲಿಗೆ ಹೋಗುವುದಿದ್ದರೂ ಹೊತ್ತಿಗೆ ಮುಂಚೆಯೇ ಹೊರಡುವನು. ತಡವಾದರೆ ಯಾರಾದರೂ ಗದರಿಸಿಯಾರು ಎಂಬ ಅಂಜಿಕೆ. ಗಡಿಯಾರದ ಕಸುಬು ಅವನಿಗೆ ಒಲಿದದ್ದೂ ಇದೇ ಕಾರಣಕ್ಕೆ ಇರಬೇಕು. ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬಂದು ರೇಡಿಯೋ ವಾರ್ತೆಗೆ ಮುಂಚಿನ ಕೊನೆಯ 'ಪೀಪ್' ಕೇಳುವ ತನಕ ಕೈಗಡಿಯಾರದ ಕೀಲಿಯನ್ನು ಎಳೆದು ಹಿಡಿದು ನಿಂತಿರುತ್ತಿದ್ದ.

"ಅರ್ಧ ನಿಮಿಷ ಹೆಚ್ಚುಕಮ್ಮಿ ಆದ್ರೆ ಆಕಾಶ ಕಳಚಿ ಬೀಳತ್ತೇನೋ?" ಅಂತ ನಾನು ಕೆಣಕುವುದು.

"ನಿನ್ನ ತಲೆ ಮೇಲೆ ಬೀಳಲ್ಲ ಬಿಡು, ಅದರಲ್ಲಿ ಏನಿದೆ ಒಡೆಯೋಕೆ" ಅಂತ ಅವನು ಹೇಳುವುದು.

ಅದು ಎರಡು ಸಾವಿರದ ಆರನೇ ಇಸವಿಯ ಶರತ್ಕಾಲ. ಸರ್ಕಾರದ ಕರೆಂಟು ದಿನಕ್ಕೆ ಒಂದೋ ಎರಡೋ ತಾಸು ಬಂದರೆ ಪುಣ್ಯ. ಉಳಿದ ಹೊತ್ತೆಲ್ಲ ಬೀದಿಗೊಂದು ಜನರೇಟರು, ಅದರಿಂದ ಮನೆಮನೆಗೆ ಎಳೆದ ತಂತಿ. ಬೆಳಿಗ್ಗೆ ಹೊರಟವರು ಸಂಜೆ ಬರುತ್ತಾರೆಂದು ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ನುಹಾ ಆಗ ಎರಡು ಬೀದಿ ಆಚೆ ಮದೀಹಾ ಎಂಬಾಕೆಯ ಹೊಲಿಗೆ ಅಂಗಡಿಗೆ ಹೋಗುತ್ತಿದ್ದಳು. ಬೇಡವೆಂದು ಹಿಕ್ಮತ್ ಗೋಗರೆದಿದ್ದ. "ಮನೇಲಿ ಕೂತ್ರೂ ಗುಂಡು ಕಿಟಕಿಯಿಂದಲೇ ಬರುತ್ತೆ, ಬಾಬಾ. ಅಲ್ಲಿ ಹೊಲಿಗೆನಾದ್ರೂ ಆಗುತ್ತೆ" ಅಂದಿದ್ದಳು ಹುಡುಗಿ.

ಒಂದು ದಿನ ಮಧ್ಯಾಹ್ನ ನದಿಯ ಆಚೆ ದಡದಲ್ಲಿ ದೊಡ್ಡ ಸ್ಫೋಟ. ಸ್ವಲ್ಪ ಹೊತ್ತಿಗೆ ಮೊಬೈಲ್ ಜಾಲ ಸತ್ತಿತು. ನನ್ನ ಅಂಗಡಿಯ ಅಷ್ಟೂ ರೇಡಿಯೋಗಳು ಒಂದೇ ದನಿಯಲ್ಲಿ ಹೇಳಿದವು: ಸಂಜೆ ಐದರಿಂದ ಊರಿಗೆಲ್ಲ ಕರ್ಫ್ಯೂ, ಹೊರಗೆ ಕಂಡವರ ಮೇಲೆ ಗುಂಡು. ಹಿಕ್ಮತ್ ಗೋಡೆಯಾಚೆಯಿಂದಲೇ ಕೇಳಿಸಿಕೊಂಡು ಬಂದ. ಮುಖ ಬಿಳಿಚಿತ್ತು.

"ನುಹಾಗೂ ಗೊತ್ತಾಗಿರತ್ತೆ ಬಿಡು, ಬೀದಿ ತುಂಬ ಕೂಗ್ತಾ ಇದಾರೆ" ಅಂದೆ. "ಸಣ್ಣ ಮಗುನಾ ಅವಳು? ಟೈಮ್ ನೋಡ್ಕೊಂಡು ಬರ್ತಾಳೆ."

ಅವನು ತಲೆಯಾಡಿಸಿದ. ನಾವಿಬ್ಬರೂ ಬಾಗಿಲು ಹಾಕುವ ಸನ್ನಾಹದಲ್ಲಿದ್ದಾಗ ಜನರೇಟರಿನ ಜಬ್ಬಾರ್ ಬಂದ. ದಡೂತಿ ಆಳು, ಲೋಕ ಮುಳುಗಿದರೂ ಅವನಿಗೆ ಚಹಾ ಬೇಕು. ಮದೀಹಾಳ ಬೀದಿಗೆ ಕರೆಂಟು ಕೊಡುತ್ತಿದ್ದವನೂ ಅವನೇ.

"ಈ ವಾರ ಇನ್ನೊಂದು ಗಲ್ಲಿ ಪೂರ್ತಿ ನನ್ನ ಮಿಷಿನ್‌ಗೇ ಸೇರಿಸ್ದೆ" ಅಂದ ಜಬ್ಬಾರ್. "ಪಾಪ, ತಿಣುಕ್ತಾ ಇದೆ, ಬಸುರಿ ಎಮ್ಮೆ ಥರ. ಆದ್ರೂ ಎಳೀತಿದೆ."

"ಎಷ್ಟು ದಿನದಿಂದ?" ಹಿಕ್ಮತ್ ಕೇಳಿದ.

"ಹೇಳಿದ್ನಲ್ಲ, ವಾರ ಆಯ್ತು. ಯಾಕೆ, ನಿಂಗೂ ಒಂದು ತಂತಿ ಬೇಕಾ?"

ಹಿಕ್ಮತ್ ತನ್ನ ಅಂಗಡಿಗೆ ಹೋಗಿ ಮೇಜನ್ನು ನೋಡುತ್ತ ನಿಂತುಬಿಟ್ಟ. ನಾನು ಹಿಂದೆಯೇ ಹೋದೆ. ಮೇಜಿನ ಮೇಲೆ, ಕವುಚಿದ ಗಾಜಿನ ಲೋಟದಡಿ, ಬಿಚ್ಚಿಟ್ಟ ಒಂದು ಪುಟ್ಟ ಕೈಗಡಿಯಾರವಿತ್ತು. ನುಹಾಳದು. ಒಳಗೆ ಧೂಳು ಸೇರಿದೆ, ತೊಳೆದುಕೊಡು ಎಂದು ವಾರದ ಹಿಂದೆ ಕೊಟ್ಟಿದ್ದಳು. ಗಿರಾಕಿಗಳ ಕೆಲಸ ಮುಗಿಯಲಿ ಎಂದು ಇವನು ಹಾಗೇ ಬಿಟ್ಟಿದ್ದ. ಮನೆಗೆಲ್ಲ ಇದ್ದ ಒಂದೇ ಮೊಬೈಲು ಅವಳ ತಾಯಿಯ ಹತ್ತಿರ.

"ಮದೀಹಾಳ ಅಂಗಡಿಲಿರೋದು ಗೋಡೆ ಕರೆಂಟಿನ ಗಡಿಯಾರ" ಅಂದ. "ಕೆಂಪು ಅಂಕಿದು. ಅದಕ್ಕೆ ಸ್ವಂತ ಲೆಕ್ಕ ಇಲ್ಲ ಕಣೋ."

ಅವನು ಹೇಳಬೇಕಾಗಿಯೇ ಇರಲಿಲ್ಲ, ನನಗೂ ಅಷ್ಟು ಗೊತ್ತಿತ್ತು. ಗಡಿಯಾರವೆಂದರೆ ಎಣಿಸುವ ಯಂತ್ರ, ಅಷ್ಟೇ. ಕೀಲಿ ಕೊಡುವ ಗಡಿಯಾರ ತನ್ನೊಳಗಿನ ಚಕ್ರದ ತೂಗಾಟವನ್ನು ಎಣಿಸುತ್ತದೆ. ಸೆಲ್ಲಿನ ಗಡಿಯಾರದಲ್ಲಿ ಅಕ್ಕಿಕಾಳಿನಷ್ಟು ಹರಳೊಂದು ಒಂದೇ ಸಮನೆ ನಡುಗುತ್ತಿರುತ್ತದೆ, ಆ ನಡುಕವೇ ಅದರ ಲೆಕ್ಕ. ಗೋಡೆಗೆ ಸಿಕ್ಕಿಸುವ ಆ ಕೆಂಪಂಕಿಯ ಗಡಿಯಾರ ಮಾತ್ರ ತಂತಿಯಲ್ಲಿ ಬರುವ ಕರೆಂಟಿನ ಅಲೆಗಳನ್ನು ಎಣಿಸುತ್ತದೆ. ಸೆಕೆಂಡಿಗೆ ಐವತ್ತು ಅಲೆ ಬರುತ್ತದೆಂಬುದು ಅದರ ನಂಬಿಕೆ. ಭಾರ ಹೆಚ್ಚಾಗಿ ಜನರೇಟರು ನಿಧಾನವಾದರೆ ಅಲೆಯೂ ಕಡಿಮೆ, ಗಡಿಯಾರವೂ ಹಿಂದೆ. ಇಷ್ಟು ದಿನ ನುಹಾ ಬೆಳಿಗ್ಗೆ ಹೋದೊಡನೆ ತನ್ನ ಕೈಗಡಿಯಾರ ನೋಡಿ ಅದನ್ನು ಸರಿಮಾಡುತ್ತಿದ್ದಳು. ಈ ವಾರ ಅವಳ ಕೈ ಬರಿದು.

"ಅರ್ಧ ಗಂಟೆನಾದ್ರೂ ಹಿಂದಿರತ್ತೆ" ಅಂದ ಹಿಕ್ಮತ್. "ಅವಳು ಇನ್ನೂ ಹೊತ್ತಿದೆ ಅಂತ ಕೂತಿರ್ತಾಳೆ. ಐದಾದ ಮೇಲೆ ಹೊರಗೆ ಕಾಲಿಡ್ತಾಳೆ."

ಅವನ ಕೈಗಡಿಯಾರದಲ್ಲಿ ನಾಲ್ಕೂವರೆ ದಾಟಿತ್ತು. ನಾನು ಬರುತ್ತೇನೆ ಅಂದೆ. ಇಬ್ಬರು ಗಂಡಸರು ಓಡಿದರೆ ಗುಂಡು ಹೊಡೆಯುತ್ತಾರೆ, ಒಬ್ಬ ಮುದುಕ ನಡೆದರೆ ಸುಮ್ಮನಿರಬಹುದು ಅಂದ. ಅಂಚೆಯವನಿಗೆ ಹೆದರುತ್ತಿದ್ದ ಆಸಾಮಿ ಕೋಟಿನ ಗುಂಡಿ ಹಾಕಿಕೊಂಡು ಬೀದಿಗಿಳಿದ. ಮುಂದಿನದು ನನಗೆ ಅವನೂ ನುಹಾಳೂ ಆಮೇಲೆ ಹೇಳಿದ್ದು.

ಅಂಗಡಿಗಳೆಲ್ಲ ಕದ ಎಳೆದಿದ್ದವು. ಬೀದಿ ಅಷ್ಟು ಬೇಗ ಬರಿದಾದದ್ದನ್ನು ಅವನು ಕಂಡಿರಲೇ ಇಲ್ಲ. ಓಡಬೇಕೆಂದು ಕಾಲು ಎಳೆಯುತ್ತಿತ್ತು, ಓಡಬಾರದೆಂದು ತಲೆ ಹೇಳುತ್ತಿತ್ತು. ತನ್ನ ಬೂಟಿನ ಸದ್ದಿಗೇ ಎರಡು ಸಲ ಬೆಚ್ಚಿ ಹಿಂತಿರುಗಿ ನೋಡಿದನಂತೆ. ತಿರುವಿನಲ್ಲಿ ಮರಳಿನ ಚೀಲ ಪೇರಿಸಿದ ಚೆಕ್‌ಪೋಸ್ಟ್. ಅಲ್ಲೊಬ್ಬನೇ ಸಿಪಾಯಿ. ಮೀಸೆ ಆಗತಾನೆ ಮೂಡಿದವನು, ದೊಗಳೆ ಹೆಲ್ಮೆಟ್ಟು, ಬೆರಳು ಬಂದೂಕಿನ ಕುದುರೆಯ ಮೇಲೆ.

"ನಿಲ್ಲೋ ಅಲ್ಲೇ. ಕೈ ಮೇಲೆತ್ತು. ಕರ್ಫ್ಯೂ ಅಂತ ಗೊತ್ತಿಲ್ವಾ?"

"ಗೊತ್ತಿದೆ ಮಗಾ. ಮಗಳನ್ನ ಕರ್ಕೊಂಡು ಬರೋಕೆ ಹೊರಟೆ. ಇಲ್ಲೇ, ಮುಂದಿನ ಬೀದಿ."

"ಐದು ಆಗೋಯ್ತು. ನೋಡಿಲ್ಲಿ." ಸಿಪಾಯಿ ತನ್ನ ಮಣಿಕಟ್ಟು ಚಾಚಿದ. ಪ್ಲಾಸ್ಟಿಕ್ ಪಟ್ಟಿಯ ಅಂಕಿ ಗಡಿಯಾರ ಐದು ದಾಟಿದೆ ಎನ್ನುತ್ತಿತ್ತು. ಹಿಕ್ಮತ್ ಮೇಲೆತ್ತಿದ ಕೈಯಿಂದ ಕೋಟಿನ ತೋಳು ಜಾರಿ ಅವನ ಗಡಿಯಾರ ಅವನ ಕಣ್ಣೆದುರೇ ಇತ್ತು. ಐದಕ್ಕೆ ಇನ್ನೂ ಕಾಲುಗಂಟೆ. ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಪೀಪ್ ಕೇಳಿ ಕೂರಿಸಿದ ಹೊತ್ತು.

"ಐದು ಆಗಿದೆಯೋ ಇಲ್ವೋ?" ಸಿಪಾಯಿ ಬಂದೂಕಿನ ಮೂತಿಯನ್ನು ಅವನ ಎದೆಯತ್ತ ತಂದ.

"ಆಗಿದೆ ಸ್ವಾಮಿ" ಅಂದ ಹಿಕ್ಮತ್. "ನೀವು ಹೇಳೋದೇ ಸರಿ."

ಗಿರಾಕಿ ಎಷ್ಟೇ ದೊಡ್ಡವನಾದರೂ ಅವನ ಗಡಿಯಾರ ತಪ್ಪಿದ್ದರೆ ಮುಖಕ್ಕೆ ಹೇಳುತ್ತಿದ್ದವನು ಇವನು. ಅಂದು ಇವನನ್ನು ಸಿಪಾಯಿ ಚರಂಡಿಯ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿದ, ಕೈ ತಲೆಯ ಮೇಲೆ. ಉಚ್ಚೆ ತಡೆಯುವುದೇ ಕಷ್ಟವಾಯಿತು ಎಂದು ನಾಚಿಕೆ ಬಿಟ್ಟು ನನಗೆ ಹೇಳಿದ್ದಾನೆ. ತನ್ನ ಜೀವದ ಭಯ ಅದರಲ್ಲಿ ಅರ್ಧ. ಮಗಳು ಇದೇ ತಿರುವಿಗೆ ಬರುತ್ತಾಳೆ, ಅವಳ ತಲೆಯಲ್ಲಿ ಇನ್ನೂ ನಾಲ್ಕೂಕಾಲು, ಈ ಹುಡುಗನ ತಲೆಯಲ್ಲಿ ಐದು ದಾಟಿದೆ. ಅದು ಉಳಿದರ್ಧ.

ಅವಳು ಬಂದೇಬಿಟ್ಟಳು. ಮದೀಹಾ ಯಾಕೋ ಬೇಗ ಹೊರಡಿಸಿದ್ದಳು. ಹೊತ್ತು ಬೇಕಾದಷ್ಟಿದೆ ಎಂದು ನುಹಾ ಆರಾಮವಾಗಿ ಬರುತ್ತಿದ್ದಳು, ತೋಳಿನಲ್ಲಿ ಬಟ್ಟೆಯ ಚೀಲ, ಚೀಲದ ಬಾಯಲ್ಲಿ ಎರಡು ಸಮೂನ್ ರೊಟ್ಟಿ. ಗೋಡೆಯ ಕಡೆ ಮುಖ ಮಾಡಿದ್ದ ಹಿಕ್ಮತನಿಗೆ ಮೊದಲು ಕೇಳಿದ್ದು ಅವಳ ಚಪ್ಪಲಿಯ ಸದ್ದು. ಬಲಗಾಲು ಸ್ವಲ್ಪ ಉಜ್ಜಿ ನಡೆಯುವ ನಡಿಗೆ.

"ನಿಲ್ಲು" ಎಂದು ಸಿಪಾಯಿ ಕಿರುಚಿದ. ದನಿ ಒಡೆದು ಕೀರಲಾಯಿತು. ನುಹಾ ನಿಲ್ಲಲಿಲ್ಲ. ಗುರುತಿನ ಚೀಟಿ ಕೇಳುತ್ತಿದ್ದಾನೆ ಎಂದುಕೊಂಡು, ದಿನಾ ಮಾಡುವ ಹಾಗೆಯೇ, ನಡೆಯುತ್ತಲೇ ಚೀಲದೊಳಗೆ ಕೈ ಹಾಕಿದಳು.

ಬಂದೂಕಿನ ಲೋಹ ಕಟಕ್ಕೆಂದಿತು. ಹಿಕ್ಮತ್ ಎದ್ದುಬಿಟ್ಟ. "ನುಹಾ, ಚೀಲದಿಂದ ಕೈ ತೆಗಿ. ಕೈ ತೆಗಿಯೇ" ಎಂದು ಕೂಗುತ್ತ ಅವಳಿಗೂ ಸಿಪಾಯಿಗೂ ನಡುವೆ ನುಗ್ಗಿದ. ಗುಂಡು ಹಾರಿತು. ಗೋಡೆಯ ಗಾರೆ ಚೂರಾಗಿ ಅವನ ಹುಬ್ಬಿಗೆ ಬಡಿದು ರಕ್ತ ಕಣ್ಣಿಗಿಳಿಯಿತು. ನುಹಾ ರಸ್ತೆಯ ಮೇಲೆ ಕುಕ್ಕರಿಸಿದ್ದಳು, ಎರಡೂ ಅಂಗೈ ಬಿಚ್ಚಿ. ರೊಟ್ಟಿಗಳು ಉರುಳಿದ್ದವು. ಯಾರೂ ಅಲುಗಲಿಲ್ಲ. ಇನ್ನೊಂದು ಗುಂಡು ಬರುತ್ತದೆ ಎಂದು ಹಿಕ್ಮತ್ ಕಣ್ಣು ಮುಚ್ಚಿ ಕಾದ. ಹಲ್ಲು ಕಟಕಟ ಅನ್ನುವುದು ಕೇಳುತ್ತಿತ್ತು. ತನ್ನದೇ ಎಂದುಕೊಂಡ. ಕಣ್ಣು ಬಿಟ್ಟರೆ ಸಿಪಾಯಿಯ ದವಡೆಯೂ ಅದುರುತ್ತಿತ್ತು.

"ಯಾಕೆ ಹೊಡೆದೆ?" ನುಹಾ ಅಳು ನುಂಗಿಕೊಂಡು ಕೇಳಿದಳು. "ಇನ್ನೂ ನಾಲ್ಕೂವರೆನೂ ಆಗಿಲ್ವಲ್ಲ ಅಣ್ಣಾ."

"ಏನು ನಾಲ್ಕೂವರೆ? ಐದೂಕಾಲು ಆಯ್ತು."

ಆಗ ಆಚೆಯ ದೊಡ್ಡ ರಸ್ತೆಯಲ್ಲಿ ಪೊಲೀಸ್ ಗಾಡಿಯೊಂದು ಮೈಕಿನಲ್ಲಿ ಸಾರುತ್ತ ಹೋಯಿತು: ಕರ್ಫ್ಯೂಗೆ ಇನ್ನು ಸ್ವಲ್ಪವೇ ಹೊತ್ತಿದೆ, ಎಲ್ಲರೂ ಮನೆ ಸೇರಿಕೊಳ್ಳಿ. ಎರಡು ಸಲ ಹೇಳಿತು. ಸಿಪಾಯಿ ಕಿವಿಗೊಟ್ಟು ಕೇಳಿದ. ಮಣಿಕಟ್ಟು ನೋಡಿಕೊಂಡ. ಬಂದೂಕಿನ ಮೂತಿ ನಿಧಾನಕ್ಕೆ ನೆಲದ ಕಡೆ ತಿರುಗಿತು.

"ನಮ್ಮವ್ವ ಮುಂದಿಟ್ಟಿದ್ಲು" ಅಂದ, ಯಾರಿಗೂ ಅಲ್ಲವೆಂಬಂತೆ. "ರಜ ಮುಗಿಸಿ ಊರಿಂದ, ಅಮಾರಾದಿಂದ, ಹೊರಡೋವಾಗ, ಬಸ್ಸು ತಪ್ಪಿಸ್ಕೋತೀಯ ಅಂತ. ಸರಿ ಮಾಡೋದು ಮರ್ತೇಹೋಯ್ತು." ಆಮೇಲೆ ಇದ್ದಕ್ಕಿದ್ದಂತೆ ಗದರಿದ: "ಹೋಗಿ ಹಾಜಿ, ಹೋಗಿ. ಓಡಿ. ನಾನು ಯಾರನ್ನೂ ನೋಡಿಲ್ಲ."

ಅವರು ಓಡಿದರು. ನನ್ನ ಅಂಗಡಿಯ ಅರೆಮುಚ್ಚಿದ ಕದದ ಕೆಳಗೆ ಅಪ್ಪ ಮಗಳು ಇಬ್ಬರೂ ನುಸುಳಿದಾಗ ರೇಡಿಯೋಗಳು ಐದರ ವಾರ್ತೆ ಶುರುಮಾಡುತ್ತಿದ್ದವು. ಮನೆಗೆ ಹೋಗಲು ಹೊತ್ತಿರಲಿಲ್ಲ. ಅಂದು ರಾತ್ರಿ ಮೂವರೂ ರಟ್ಟಿನ ಡಬ್ಬಗಳ ನಡುವೆ ಉಳಿದೆವು. ಹಿಕ್ಮತ್ ಹುಬ್ಬಿಗೆ ಬಟ್ಟೆ ಒತ್ತಿಕೊಂಡು, "ಸರಿಯಾದ ಹೊತ್ತು ನನ್ನ ಕೈಲಿತ್ತು ಕಣೋ. ಅವನದೇ ಸರಿ ಅಂದುಬಿಟ್ಟೆ" ಎಂದು ಮತ್ತೆ ಮತ್ತೆ ಹೇಳಿದ.

"ಬೇರೆ ಏನಂದಿದ್ರೂ ಈಗ ನಿನಗೆ ಬಾಯಿ ಇರ್ತಿರ್ಲಿಲ್ಲ" ಅಂದೆ ನಾನು. ಅವನಿಗೆ ಅದು ಸಮಾಧಾನ ಕೊಡಲಿಲ್ಲ.

ಕೆಲವು ದಿನ ಕಳೆದು ಆ ಸಿಪಾಯಿ ಬೀದಿಯಲ್ಲಿ ಕೇಳಿಕೊಂಡು ಹಿಕ್ಮತನ ಅಂಗಡಿಗೇ ಬಂದ. ಬಂದೂಕು ಹೆಗಲಲ್ಲಿ, ಗಡಿಯಾರ ಅಂಗೈಯಲ್ಲಿ. "ಸರಿ ಮಾಡಿಕೊಡಿ ಹಾಜಿ. ನಂಗೆ ಇದರ ಗುಂಡಿ ತಿಳಿಯಲ್ಲ." ಹಿಕ್ಮತ್ ಕೈಗೆ ತೆಗೆದುಕೊಂಡ. ಬೆರಳು ಎಷ್ಟು ನಡುಗಿತೆಂದರೆ ಒತ್ತಬೇಕಾದ ಗುಂಡಿ ಒತ್ತಲಾಗಲಿಲ್ಲ. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕೊನೆಗೆ ಒಳಗಿನಿಂದ ನುಹಾ ಬಂದು ಗಡಿಯಾರ ಇಸಿದುಕೊಂಡು, ನನ್ನ ರೇಡಿಯೋ ಕೇಳಿ, ಸರಿಮಾಡಿ ಕೊಟ್ಟಳು. ಹುಡುಗ ಅದನ್ನು ಕೈಗೆ ಕಟ್ಟಿಕೊಂಡು ಹೋದ. ಮತ್ತೆ ಅವನನ್ನು ನಾವು ಕಾಣಲಿಲ್ಲ. ಬೇರೆ ಊರಿಗೆ ಹಾಕಿದರೋ, ಏನಾದನೋ.

ಆ ನಡುಕ ಹಿಕ್ಮತನ ಕೈಬಿಟ್ಟು ಹೋಗಲಿಲ್ಲ. ಕೂದಲಿನಷ್ಟು ಸಣ್ಣ ಸ್ಪ್ರಿಂಗು ಹಿಡಿಯುವ ಕೆಲಸ ನಡುಗುವ ಕೈಗೆ ಸಾಧ್ಯವಿಲ್ಲ. ಮೊದಮೊದಲು ನುಹಾ ಅವನಿಗೆ ಚಿಮಟ ಹಿಡಿದುಕೊಡಲು ಕೂತಳು. ಆಮೇಲೆ ಹೊಲಿಗೆ ಬಿಟ್ಟು ಪೂರ್ತಿ ಅಲ್ಲೇ ಕೂತಳು. ಅವನು ಬಾಯಲ್ಲಿ ಹೇಳುವುದು, ಅವಳು ಕೈಯಲ್ಲಿ ಮಾಡುವುದು. ಹೆಂಗಸು ಗಡಿಯಾರ ಬಿಚ್ಚುವುದನ್ನು ನೋಡಲೆಂದೇ ಕೆಲವರು ಕೆಟ್ಟಿಲ್ಲದ ಗಡಿಯಾರ ತರುತ್ತಿದ್ದರು. "ಇದಕ್ಕೇನೂ ಆಗಿಲ್ಲ, ನಿಮ್ಮ ಕಣ್ಣು ಡಾಕ್ಟರಿಗೆ ತೋರಿಸ್ಕೊಳ್ಳಿ" ಅಂತ ಹೇಳಿ ಕಳಿಸುತ್ತಿದ್ದಳು.

ಈಗ ಅಂಗಡಿ ಅವಳದು. ಹಿಕ್ಮತನಿಗೆ ವಯಸ್ಸಾಗಿದೆ, ಮಧ್ಯಾಹ್ನದ ಹೊತ್ತು ಬಂದು ನನ್ನ ಕಡೆ ಕೂರುತ್ತಾನೆ. ಊರು ಮೊದಲಿನಷ್ಟು ಕೆಟ್ಟದಾಗಿಲ್ಲ, ಸಂಜೆ ಮಕ್ಕಳು ಬೀದಿಯಲ್ಲಿ ಚೆಂಡು ಒದೆಯುತ್ತಾರೆ. ಆದರೂ ಬಿಸಿಲು ಇಳಿಯತೊಡಗಿದರೆ ಅವನು ಚಹಾ ಅರ್ಧಕ್ಕೇ ಬಿಡುತ್ತಾನೆ. ಎದ್ದು ಹೋಗಿ ಮಗಳ ಬಾಗಿಲಲ್ಲಿ ನಿಲ್ಲುತ್ತಾನೆ. "ಇನ್ನೂ ಗಿರಾಕಿ ಬರ್ತಾರೆ ಬಾಬಾ, ಕೂತ್ಕೋ" ಅನ್ನುತ್ತಾಳೆ ಅವಳು. ಅವನು ಕೂರುವುದಿಲ್ಲ. ಸ್ವಲ್ಪ ಹೊತ್ತು ನೋಡಿ ಅವಳೇ ದೀಪ ಆರಿಸಿ ಕದ ಎಳೆಯುತ್ತಾಳೆ, ಇಬ್ಬರೂ ಬೆಳಕಿರುವಾಗಲೇ ಮನೆಗೆ ನಡೆಯುತ್ತಾರೆ.